ಮಾರ್ವೆ ಖಾಡಿಯಲ್ಲಿ ಆಲಿವ್ ಶೋಧ

ಮದುವೆಯ ಬೆಳ್ಳಿಹಬ್ಬಕ್ಕೆ ಹೆಂಡತಿಗೆ ಏನು ಉಡುಗೊರೆ ಕೊಡಬೇಕೆಂಬ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ. ಅವಳು ಏನು ಕೇಳಿದರೂ ಅದಕ್ಕಿಂತ ಉತ್ತಮವಾದುದನ್ನು ಕೊಡುವುದು ನನ್ನ ಪದ್ಧತಿ. ಕೇಳಿದ್ದನ್ನೇ ಕೊಟ್ಟರೆ ಗಂಡನ ಬುದ್ಧಿವಂತಿಕೆಗೆ ಅಲ್ಲಿ ಕೆಲಸವೇನು?

ಗಿರಿಜಾ ಕೇಳಿದ್ದು ಆಲಿವ್ ಮರ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಅವಳು ಧಾರವಾಡದವಳು, ಮುಂಬಯಿಯ ಭಾಂಡುಪ್‌ನ ಒಂದು ಶಾಲೆಯಲ್ಲಿ ಟೀಚರ್. ಸಂಜೆ ಚಪಾತಿ ಲಟ್ಟಿಸುತ್ತ ಮೊಬೈಲಿನಲ್ಲಿ ವಿಡಿಯೊ ನೋಡುವುದು ಅವಳ ರೂಢಿ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳ ಒಂದು ಕುಟುಂಬ ಪುಟ್ಟ ಹಾಯಿದೋಣಿಯಲ್ಲಿ ಗ್ರೀಸ್ ದೇಶದ ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಆಲಿವ್‌ನ ಚರಿತ್ರೆ ಹುಡುಕುತ್ತಿತ್ತು. ಹಳೆಯ ಗಾಣ, ಹಳೆಯ ಜಾಡಿ, ಯಾರ ಮುತ್ತಜ್ಜ ನೆಟ್ಟದ್ದೆಂದು ಯಾರಿಗೂ ಗೊತ್ತಿಲ್ಲದಷ್ಟು ಹಳೆಯ ಮರಗಳು. ಒಂದು ದಿನ ಗಿರಿಜಾ ಲಟ್ಟಣಿಗೆ ಕೆಳಗಿಟ್ಟಳು.

"ಏನ್ರೀ, ಒಮ್ಮೆ ಅಲ್ಲಿಗೆ ಹೋಗೂಣಲ್ಲ? ಆ ಗಿಡದ ಬುಡಕ ಇಬ್ಬರೂ ಸುಮ್ನ ಕುಂತು ಬರೂಣು. ಮತ್ತೇನೂ ಬ್ಯಾಡ ನನಗ."

ಇಲ್ಲೊಂದು ತೊಡಕಿತ್ತು. ನನಗೆ ವಿಮಾನವೆಂದರೆ ಹೆದರಿಕೆ. ಘಾಟ್ಕೋಪರ್‌ನ ನಮ್ಮ ಆಫೀಸಿನ ಮೇಲೆ ವಿಮಾನಗಳು ಚಕ್ರ ಬಿಚ್ಚಿಕೊಂಡು ಇಳಿಯುವಾಗ, ಕೆಳಗೆ ಕುಳಿತ ನಾನೇ ಕುರ್ಚಿಯ ಕೈ ಹಿಡಿದುಕೊಳ್ಳುತ್ತೇನೆ! ಆದ್ದರಿಂದ ಘೋಷಿಸಿದೆ: "ಗ್ರೀಸ್ ಯಾಕೆ ಮಾರಾಯ್ತಿ? ಮುಂಬಯಿಯಲ್ಲಿ ಸಮುದ್ರ ಇಲ್ಲವಾ? ದೋಣಿ ಇಲ್ಲವಾ? ಆಲಿವ್‌ನ ಇತಿಹಾಸವನ್ನು ನಾನೇ ತೋರಿಸ್ತೇನೆ."

ಮಗಳು ನೇಹಾ ಕಾಲೇಜು ಪುಸ್ತಕದಿಂದ ತಲೆಯೆತ್ತಿದಳು. "ಪಪ್ಪಾ, ಮುಂಬಯಿ ಮೇ ಆಲಿವ್ ಕಹಾಂ? ಪಿಜ್ಜಾ ಮೇಲೆ ಮಾತ್ರ ಇದೆ!"

ಚರಿತ್ರೆಯ ಜ್ಞಾನವಿಲ್ಲದವರ ಮಾತು. ನಾನು ಕ್ಷಮಿಸಿದೆ.

ನಮ್ಮ ಮೊದಲ ಸಮುದ್ರಯಾನ ಎಲಿಫೆಂಟಾ ದ್ವೀಪಕ್ಕೆ. ಹಿಂದಿನ ಕಾಲದಲ್ಲಿ ಪಶ್ಚಿಮ ದೇಶಗಳ ಹಡಗುಗಳು ಜಾಡಿಗಳಲ್ಲಿ ಎಣ್ಣೆ ತುಂಬಿಕೊಂಡು ಈ ಕರಾವಳಿಗೆ ಬರುತ್ತಿದ್ದವೆಂದು ಎಲ್ಲೋ ಓದಿದ್ದೆ. ಗೇಟ್‌ವೇಯಿಂದ ಹೊರಟ ನಮ್ಮ ಲಾಂಚು ದೊಡ್ಡ ಹಡಗುಗಳ ನಡುವೆ ಸೋಪಿನ ಡಬ್ಬಿಯಂತೆ ತೇಲುತ್ತಿತ್ತು. ದ್ವೀಪದಲ್ಲಿ ಇಳಿದವನೇ ಮಣ್ಣಿನಲ್ಲಿ ಒಂದು ಕಂದು ಚೂರನ್ನು ಕಂಡು ರೋಮಾಂಚಿತನಾದೆ. ಕೈಯಲ್ಲಿ ಎತ್ತಿ ಹಿಡಿದು, ಅಕ್ಕಪಕ್ಕದ ಪ್ರವಾಸಿಗರಿಗೂ ಕೇಳುವಂತೆ, ರೋಮ್‌ನಿಂದ ಹಿಡಿದು ಕೊಂಕಣದವರೆಗೆ ಭಾಷಣ ಮಾಡಿದೆ. ಒಬ್ಬ ಹಿರಿಯರು ಫೋಟೊ ಕೂಡ ತೆಗೆದುಕೊಂಡರು.

ನೇಹಾ ಚೂರನ್ನು ತಿರುಗಿಸಿ ನೋಡಿದಳು. ಹಿಂದೆ 'ಮೈಕ್ರೋವೇವ್ ಸೇಫ್' ಎಂದು ಬರೆದಿತ್ತು.

ಮಾತು ಮರೆಸಲು ಚೀಲದಿಂದ ಆಲಿವ್ ಬಾಟಲಿ ತೆಗೆದೆ. ಎಲ್ಲಿತ್ತೋ ಒಂದು ಕೋತಿ! ಬಾಟಲಿ ಕಸಿದುಕೊಂಡು ಮರವೇರಿ ಕುಳಿತಿತು. ಮುಚ್ಚಳವನ್ನು ನನಗಿಂತ ಬೇಗ ತೆಗೆಯಿತು. ಒಂದನ್ನು ಕಚ್ಚಿ, ಮುಖ ಹಿಂಡಿ, ಉಳಿದವನ್ನು ಒಂದೊಂದಾಗಿ ನನ್ನ ಮೇಲೆ ಎಸೆಯಿತು. ಅದೇ ಹಿರಿಯರು ಅದರ ಫೋಟೊವನ್ನೂ ತೆಗೆದುಕೊಂಡರು.

ಗಿರಿಜಾ ಅಂದು ಮನಸಾರೆ ನಕ್ಕಳು. ನಾನು ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ನಿಲ್ಲಿಸಲಿಲ್ಲ.

ಎರಡನೆಯ ಯಾನವನ್ನು ಬೆಳ್ಳಿಹಬ್ಬದ ದಿನಕ್ಕೇ ಇಟ್ಟೆ. ಮಲಾಡ್‌ನ ಮಾರ್ವೆಯಿಂದ ಸಣ್ಣ ದೋಣಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಒಳಗೆ ಸಾಗಿ, ಗೊರಾಯಿ ಕಡೆಯ ಹಳೆಯ ಕ್ರಿಶ್ಚಿಯನ್ ಹಳ್ಳಿಗಳಲ್ಲಿ ಆಲಿವ್ ಮರ ಹುಡುಕುವುದು. ಪೋರ್ಚುಗೀಸರು ಇಷ್ಟು ದೂರ ಬಂದವರು ಒಂದು ಆಲಿವ್ ಗಿಡ ತಾರದೆ ಇರುತ್ತಾರೆಯೇ? ತಂದೇ ತಂದಿರುತ್ತಾರೆ! ಇದು ನನ್ನ ಸಂಶೋಧನೆ. ಮರ ಸಿಗುವುದೊಂದೇ ಬಾಕಿ.

ಗಿರಿಜಾ ಮದುವೆಯಲ್ಲಿ ಅವಳಮ್ಮ ಕೊಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಜಡೆಗೆ ಮಲ್ಲಿಗೆ. ದೋಣಿ ನಡೆಸುವ ಕಾಕಾ ನೀರು ನೋಡಿ ತಲೆಯಲ್ಲಾಡಿಸಿದರು. "ಸಾಹೇಬ್, ಓಹೋಟಿ ಆಹೆ. ಪಾನಿ ಉತರ್ ರಹಾ ಹೈ. ಅಂದರ್ ಮತ್ ಜಾವೋ." ನೀರು ಇಳಿಯುತ್ತಿದೆ, ಒಳಗೆ ಹೋಗುವುದು ಬೇಡ ಎಂಬುದು ಎಳೆಯ ಮಗುವಿಗೂ ತಿಳಿಯುವಂತಿತ್ತು.

"ಕಾಕಾ, ನಾನು ಉಡುಪಿಯವನು! ಸಮುದ್ರ ನನಗೆ ಹೊಸತಲ್ಲ," ಎಂದೆ. ನಮ್ಮ ಮನೆಯಿಂದ ಸಮುದ್ರಕ್ಕೆ ಎರಡು ಬಸ್ಸು ಬದಲಿಸಬೇಕಿತ್ತು ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ನಡುವೆ ದೋಣಿ ಸ್ವಲ್ಪ ದೂರ ಹೋಯಿತು. ಆಮೇಲೆ ನಿಂತಿತು. ಸುತ್ತಲೂ ನೀರಿದ್ದಲ್ಲಿ ಈಗ ಬರೀ ಕೆಸರು, ಅದರ ಮೇಲೆ ಓಡಾಡುವ ಏಡಿಗಳು.

"ಭರತಿ ಬಂದು ನೀರೇರುವವರೆಗೆ ಕುಳಿತಿರಿ," ಎಂದು ಹಿಂದಿಯಲ್ಲಿ ಹೇಳಿದ ಕಾಕಾ ಬೀಡಿ ಹಚ್ಚಿದರು. ಒಂದು ಸುಸಂಸ್ಕೃತ ಕುಟುಂಬದ ಯಜಮಾನ ಹಾಗೆ ಕೈಕಟ್ಟಿ ಕುಳಿತಿರಲು ಸಾಧ್ಯವೇ? ದೋಣಿ ತಳ್ಳುತ್ತೇನೆಂದು ಇಳಿದೆ. ಇಳಿದೆ, ಇಳಿದೆ, ಇಳಿಯುತ್ತಲೇ ಹೋದೆ! ಸೊಂಟದವರೆಗೆ ಹೂತುಹೋದೆ.

"ಪಪ್ಪಾ, ಹಿಲೋ ಮತ್! ಅಲುಗಾಡಬೇಡಿ!" ಎಂದು ನೇಹಾ ಕಿರುಚಿದಳು.

ಕಾಕಾ ಒಂದು ತೋಳು, ಗಿರಿಜಾ ಒಂದು ತೋಳು ಹಿಡಿದು ಎಳೆದರು. ನಾನು ಬಂದೆ. ಚಪ್ಪಲಿ ಬರಲಿಲ್ಲ. ನನ್ನ ಜೊತೆ ಬಂದ ಅರ್ಧ ಖಾಡಿಯೆಲ್ಲ ಇಳಕಲ್ ಸೀರೆಯ ಮೇಲೆ ಬಿತ್ತು.

ಗಿರಿಜಾ ಸೆರಗನ್ನು ನೋಡಿದಳು. ಒರೆಸಲು ಹೋಗಿ, ಕೆಸರು ಇನ್ನಷ್ಟು ಹರಡಿದ್ದು ಕಂಡು ಕೈಬಿಟ್ಟಳು. ಬಯ್ಯಲಿಲ್ಲ. ಆಕಡೆ ತಿರುಗಿ, ಮೆಲ್ಲಗೆ ಹೇಳಿದಳು:

"ನನಗ ಆಲಿವ್ ಬ್ಯಾಡಾಗಿತ್ರೀ. ಆ ವಿಡಿಯೊದಾಗ ಅವರಿಬ್ಬರೂ ಗಿಡದ ಕೆಳಗ ಸುಮ್ನ ಕುಂತಿರ್ತಾರ. ಅಂವ ಏನೂ ಮಾತಾಡೂದಿಲ್ಲ. ಅಕಿನೂ ಮಾತಾಡೂದಿಲ್ಲ. ನೀವು ಒಂದ ದಿನ ಹಂಗ ನನ್ನ ಬಾಜೂಕ ಕುಂಡ್ರಬೇಕು ಅಂತ ಆಸೆ ಇತ್ತು. ಅಷ್ಟ."

ಗಾಳಿ ನಿಂತಿತ್ತು. ಒಂದು ಬೆಳ್ಳಕ್ಕಿ ನಮ್ಮ ಪಕ್ಕದಲ್ಲೇ ನಿಂತಿತ್ತು. ದೋಣಿ ಅಲುಗುವಂತಿರಲಿಲ್ಲ, ಎಲ್ಲಿಗೂ ಹೋಗುವುದಿರಲಿಲ್ಲ. ಸುಮ್ಮನೆ ಕುಳಿತುಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವನ್ನು ದೇವರೂ ಒದಗಿಸಲಾರ. ನಾನು ಬಾಯಿ ಮುಚ್ಚಿ ಅವಳ ಪಕ್ಕ ಕುಳಿತಿದ್ದರೆ ಸಾಕಾಗಿತ್ತು. ನಾನೇನು ಮಾಡಿದೆ?

"ಹಾಗಲ್ಲ ಗಿರಿಜಾ, ಆಲಿವ್ ಕೊಂಬೆ ಶಾಂತಿಯ ಸಂಕೇತ ಯಾಕಾಯಿತು ಗೊತ್ತಾ?" ಎಂದು ಶುರುಮಾಡಿದೆ. ಭರತಿ ಬರುವವರೆಗೂ ಮಾತಾಡಿದೆ!

ಸೀರೆಯನ್ನು ಭಾಂಡುಪ್‌ನ ಮೂರು ಲಾಂಡ್ರಿಗಳಿಗೆ ಕೊಟ್ಟೆ. ಕಲೆ ಹೋಗಲಿಲ್ಲ.

ಮರುವರ್ಷ ಅವಳ ಶಾಲೆಯ ಟೀಚರುಗಳು ಗ್ರೀಸ್‌ಗೆ ಹೊರಟರು. ಗಿರಿಜಾ ನನ್ನನ್ನು ಕೇಳಲಿಲ್ಲ, ತಿಳಿಸಿದಳು. ಎದೆ ಗಟ್ಟಿಮಾಡಿಕೊಂಡು, "ನಾನೂ ಬರಲಾ? ವಿಮಾನದಲ್ಲಿ ಕಣ್ಣು ಮುಚ್ಚಿ ಕೂತಿರ್ತೇನೆ," ಎಂದೆ.

"ಬರೇ ಹೆಣ್ಣುಮಕ್ಕಳ ಗ್ರೂಪ್ ಐತ್ರೀ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಾಗಿತ್ತು.

ಅಲ್ಲಿಂದ ಒಂದು ಮಧ್ಯಾಹ್ನ ವಿಡಿಯೊ ಕಾಲ್ ಬಂತು. ತಿರುಚಿಕೊಂಡ ದಪ್ಪ ಬೊಡ್ಡೆ, ಬೂದಿಬಣ್ಣದ ಎಲೆ, ಅದರ ಬುಡದಲ್ಲಿ ನನ್ನ ಹೆಂಡತಿ. ಮೊಬೈಲನ್ನು ಕಲ್ಲಿಗೆ ಆನಿಸಿಟ್ಟು, ಏನೂ ಹೇಳದೆ, ನನ್ನನ್ನೇ ನೋಡುತ್ತ ಸುಮ್ಮನೆ ಕುಳಿತಳು. ಪಕ್ಕದಲ್ಲಿ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಟ್ಟಿದ್ದಳು. ಈ ಸಲ ಮಾತಾಡಬಾರದೆಂದು ಹಲ್ಲು ಕಚ್ಚಿದೆ. ತಡೆದೆ. ಇನ್ನೂ ತಡೆದೆ.

"ಗಿರಿಜಾ, ಆ ಬೊಡ್ಡೆ ಟೊಳ್ಳಾಗಿದೆಯಲ್ಲ, ಯಾಕೆ ಗೊತ್ತಾ?"

ಪರದೆ ಕಪ್ಪಾಯಿತು.

"ಛೆ, ನೆಟ್‌ವರ್ಕ್ ಹೋಯಿತು," ಎಂದೆ.

ನೇಹಾ ನನ್ನ ಮೊಬೈಲಿಗೊಮ್ಮೆ ಇಣುಕಿ, ನನ್ನ ಭುಜ ತಟ್ಟಿ ಹೇಳಿದಳು: "ನೆಟ್‌ವರ್ಕ್ ಫುಲ್ ಇದೆ, ಪಪ್ಪಾ."