ಮನಶ್ಶಾಸ್ತ್ರಕ್ಕೆ ಮೂರು ಕೊಟೇಶನ್

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡ್ತೀನಿ ಅಂತ ಬಾಯಿಬಿಟ್ಟದ್ದೇ ತಪ್ಪಾಯಿತು. ಆಮೇಲೆ ನನ್ನ ಪಾಡಿಗೆ ನಾನಿದ್ದರೂ ದಿನಕ್ಕೊಂದು ತಾಪತ್ರಯ ಬಂದು ಅಮರಿಕೊಳ್ಳುತ್ತಲೇ ಹೋಯಿತು. ಆಗ ಎಂಬತ್ತರ ದಶಕದ ಆರಂಭ. ಪೀಣ್ಯದ ಹತ್ತಿರ ವಠಾರದ ಮನೆ, ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಬಿ.ಎ. ಮುಗಿಸಿದ್ದೆ. ಬೆಂಗಳೂರೋ, ಮೈಸೂರೋ, ಧಾರವಾಡವೋ, ಯಾವ ವಿಶ್ವವಿದ್ಯಾಲಯ ಅಂತ ಒಂದು ತಿಂಗಳಲ್ಲಿ ಗೊತ್ತುಮಾಡಬೇಕು. ಇಲ್ಲದಿದ್ದರೆ ಅಪ್ಪನ ಕಾರ್ಖಾನೆಯಲ್ಲಿ ಟೈಪಿಸ್ಟ್ ಕೆಲಸ ಖಾಲಿ ಇತ್ತು. ಆಯ್ಕೆ ನನ್ನದು ಅಂತ ತಿಳಿದುಕೊಂಡಿದ್ದೆ, ಪಾಪ.

ಇನ್‌ಸ್ಪೆಕ್ಷನ್

"ಮೂರು ಕೊಟೇಶನ್ ಇಲ್ದೆ ನಾವು ಒಂದು ಬೋಲ್ಟೂ ತಗೊಳ್ಳಲ್ಲ," ಅಂದರು ಅಪ್ಪ.

ಮೂರೂ ಕಡೆಗೆ ಕಾಗದ ಬರೆದು ಪ್ರಾಸ್ಪೆಕ್ಟಸ್ ತರಿಸಿದೆ. ಭಾನುವಾರ ಬೆಳಿಗ್ಗೆ ಅಪ್ಪ ಅವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟು ಕನ್ನಡಕ ಏರಿಸಿದರು. ಪಾಠಪಟ್ಟಿ ನೋಡ್ತಾರೆ, ಏನಾದರೂ ಕೇಳ್ತಾರೆ ಅಂತ ನಾನು ಎದುರಿಗೆ ಕೂತೆ. ಅರ್ಧ ಗಂಟೆ ತಿರುವಿ ಹಾಕಿ ಒಂದನ್ನು ಪಕ್ಕಕ್ಕೆ ತಳ್ಳಿದರು.

"ಯಾಕಪ್ಪ? ಅಲ್ಲಿ ಮೇಷ್ಟ್ರುಗಳು ಚೆನ್ನಾಗಿದ್ದಾರಂತೆ."

"ಪಿನ್ನು ತುಕ್ಕು ಹಿಡಿದಿದೆ. ರಿಜೆಕ್ಟ್."

ಆ ಪಿನ್ನು ಕಿತ್ತು, ಹೊಸದು ಹೊಡೆದು, ಮತ್ತೆ ಮುಂದಿಟ್ಟೆ. ಅಪ್ಪ ಮುಟ್ಟಲೂ ಇಲ್ಲ.

"ರಿಪೇರಿ ಮಾಡಿದ ಮಾಲು ಹೊಸದು ಅಂತ ಪಾಸ್ ಮಾಡೋಕಾಗಲ್ಲಮ್ಮ."

ಓನರಮ್ಮ

ನಮ್ಮ ವಠಾರದ ಓನರಮ್ಮ ಪೀಣ್ಯದವರೇ. ಹೊಲದ ಜಾಗದಲ್ಲಿ ಕಾರ್ಖಾನೆ ಎದ್ದ ಮೇಲೆ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. "ಮನಸು ತಿಳ್ಕೊಳೋ ಓದಂತಲ್ಲವ್ವ? ನನ್ ಸೊಸೆ ಮನಸಾಗೆ ಏನೈತೆ ಒಸಿ ಯೋಳು," ಅಂತ ಬಂದು ಕೂತರು. ಇನ್ನೂ ಸೇರೇ ಇಲ್ಲ ಅಂದರೂ ಕೇಳಲಿಲ್ಲ. ಸೊಸೆಯ ಪುರಾಣ ಎರಡು ಗಂಟೆ ನಡೆಯಿತು. ಮರುದಿನ ಸೊಸೆ ಬಂದಳು. ಅತ್ತೆಯ ಪುರಾಣ ಮೂರು ಗಂಟೆ. ನಾನು ಅಕ್ಕಿ ಆರಿಸುತ್ತಾ ಎರಡನ್ನೂ ಕೇಳಿಸಿಕೊಂಡೆ.

ಎಲ್ಲ ಹೇಳಿ ಮುಗಿಸಿದ ಮೇಲೆ, ನಾನೆಲ್ಲಿ ಬಾಯಿಬಿಡ್ತೀನೋ ಅಂತ ಇಬ್ಬರಿಗೂ ಹೆದರಿಕೆ ಹತ್ತಿತು. ಆ ವಾರವೇ ಒಬ್ಬರಿಗೆ ತಿಳಿಯದ ಹಾಗೆ ಇನ್ನೊಬ್ಬರು ಬಂದು ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಧಾರವಾಡಕ್ಕೇ ಓಗವ್ವ. ಒಳ್ಳೆ ದೂರ ಐತೆ."

ಆ ಮನೆಯಲ್ಲಿ ಅತ್ತೆ ಸೊಸೆ ಒಮ್ಮತಕ್ಕೆ ಬಂದದ್ದು ನಾನು ಕಂಡ ಹಾಗೆ ಅದೊಂದೇ ಸಲ.

ಸಹಿ

ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ನಮ್ಮ ಕಡೆ ಕೈಗೆ ಸಿಗುವ ಅಧಿಕಾರಿ ಅಂದರೆ ದನದ ಡಾಕ್ಟರು. ಮೂರು ದಿನ ಹೋದೆ, ಮೂರು ದಿನವೂ ಯಾವುದೋ ಹಸು ಕರು ಹಾಕುತ್ತಿತ್ತು. ನಾಲ್ಕನೇ ದಿನ ಎಮ್ಮೆಗಳ ಜೊತೆ ಸಾಲಿನಲ್ಲೇ ನಿಂತೆ. ಡಾಕ್ಟರು ಕೈ ತೊಳೆದು ಅರ್ಜಿ ಓದಿದರು.

"ಸೈಕಾಲಜಿ! ಯಾಕಮ್ಮ?"

"ಜನರ ಕಷ್ಟ ಕೇಳೋಣ ಅಂತ ಸಾರ್."

ಅವರು ಹೊರಗಿನ ಸಾಲಿನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ನನ್ನ ಪೇಷೆಂಟುಗಳಿಂದ ನನಗೆ ಯಾವತ್ತೂ ತೊಂದರೆ ಇಲ್ಲ. ಜೊತೆಗೆ ಬರೋರು ಇದಾರಲ್ಲ, ಅವರದ್ದೇ ಗೋಳು. ನೀನು ಬೇಕು ಅಂತ ಅವರನ್ನೇ ಹುಡುಕ್ಕೊಂಡು ಹೋಗ್ತಿದೀಯ!"

ಸಹಿ ಹಾಕಿ, ಕೇಳದಿದ್ದರೂ ಇನ್ನೆರಡು ನಕಲಿಗೂ ಸಹಿ ಮಾಡಿಕೊಟ್ಟರು.

ಸಂದರ್ಶನ

ಕೊನೆಗೆ ಮೈಸೂರಿನಿಂದ ಕರೆ ಬಂತು. ಒಬ್ಬಳನ್ನೇ ಕಳಿಸಲ್ಲ ಅಂತ ಅಪ್ಪ ರಜೆ ಹಾಕಿ ಹೊರಟರು. ಅಪ್ಪ ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬಸ್ಸಿನಲ್ಲೂ ತುಟಿ ಬಿಚ್ಚಲಿಲ್ಲ. ನಾನು ರಾತ್ರಿಯೆಲ್ಲ ಓದಿದ್ದನ್ನು ಮನಸ್ಸಿನಲ್ಲೇ ಒಪ್ಪಿಸುತ್ತಾ ಕೂತಿದ್ದೆ.

ಪ್ರೊಫೆಸರು ವಯಸ್ಸಾದವರು. ನನಗೆ ಕುರ್ಚಿ ತೋರಿಸಿ, ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೂ ಮರ್ಯಾದೆಗಾಗಿ, "ಬನ್ನಿ, ಕೂತ್ಕೊಳ್ಳಿ. ಹೇಗಿದೀರಿ?" ಅಂದರು.

ಅಷ್ಟು ಸಾಕಾಯಿತು. ಅಪ್ಪ ಕೂತರು, ಶುರುಮಾಡಿದರು. ತಾನು ಕೈಹಿಡಿದು ಕಲಿಸಿದವನೇ ಈಗ ತನ್ನ ಮೇಲಧಿಕಾರಿಯಾಗಿರುವುದು, ಮೆಷಿನ್ ಸದ್ದಿಗೆ ಎಡಗಿವಿ ಹೋಗಿದ್ದನ್ನು ಯಾರಿಗೂ ಹೇಳದೆ ಇದ್ದದ್ದು, ಮಗಳು ಹೊರಟರೆ ಮನೆಗೆ ಹೋಗೋಕೇ ಬೇಜಾರಾಗುತ್ತೆ ಅನ್ನೋದು. ಇದೊಂದೂ ನನಗೆ ಗೊತ್ತಿರಲಿಲ್ಲ. ಪ್ರೊಫೆಸರು ಆಗಾಗ "ಹೂಂ" ಅನ್ನುತ್ತಿದ್ದರು. ಮುಕ್ಕಾಲು ಗಂಟೆ. ಹೊರಗೆ ಉಳಿದವರು ಗೊಣಗುವುದು ಕೇಳಿಸುತ್ತಿತ್ತು.

ಕೊನೆಗೆ ಪ್ರೊಫೆಸರು ನನ್ನ ಕಡೆ ತಿರುಗಿದರು. "ಮನೇಲೂ ಹೀಗೇ ಮಾತಾಡ್ತಾರಾ?"

"ಇಲ್ಲ ಸಾರ್. ಇವತ್ತೇ ಮೊದಲು."

"ನೀನು ಮಧ್ಯೆ ಬಾಯಿ ಹಾಕಲಿಲ್ಲ. ಒಳ್ಳೇದು. ಸೇರ್ಕೋ."

ಸೀಟು ಸಿಕ್ಕಿತು. ವಾಪಸು ಬಸ್ಸಿನಲ್ಲಿ ಅಪ್ಪ ಹಗುರವಾಗಿ, ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಮಂಡ್ಯ ದಾಟಿದ ಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು:

"ಅಲ್ಲಮ್ಮ, ಆ ಮನುಷ್ಯ ಸುಮ್ನೆ ಕೂತು 'ಹೂಂ' ಅಂದ್ರು, ಅಷ್ಟೇ ತಾನೇ? ಅದನ್ನ ಕಲಿಯೋಕೆ ಎರಡು ವರ್ಷ ಬೇಕಾ?"