ಚಹಾ ಚರಟಕ್ಕೆ ನೆನಪಿದ್ದ ಗಲ್ಲಿ

ಕುಬೇರಪ್ಪ ಹಾದಿಮನಿ ತನ್ನ ಹೊಸ ಯಂತ್ರವನ್ನು ಮೊಟ್ಟಮೊದಲು ತೋರಿಸಿದ್ದು ನನಗೆ. ಹೆಂಡತಿ ಸಂಗಕ್ಕನಿಗೆ ತೋರಿಸುವಂತಿರಲಿಲ್ಲ. ಯಂತ್ರದ ಮುಕ್ಕಾಲು ಭಾಗ ಅವಳ ಇಡ್ಲಿ ಪಾತ್ರೆಯಾಗಿತ್ತು.

ಉಳಿದ ಕಾಲು ಭಾಗದಲ್ಲಿ ಒಂದು ಸೈಕಲ್ ಪಂಪು, ಹಳೆಯ ಸಿಗ್ನಲ್ ದೀಪದ ಹಸಿರು ಗಾಜು ಮತ್ತು ಗುಂಯ್ ಎನ್ನುವ ತಂತಿಯ ಸುರುಳಿ ಇದ್ದವು. ಕುಬೇರಣ್ಣ ಮರಳಗಟ್ಟಿ ಜಂಕ್ಷನ್ನಿನಲ್ಲಿ ಮೂವತ್ತಾರು ವರ್ಷ ಸಿಗ್ನಲ್ ಫಿಟ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಪಡಸಾಲೆಯ ತುಂಬ ಹಲಗೆ ಹಾಸಿ, ಅದರ ಮೇಲೆ ಗೇಣುದ್ದದ ರೈಲಿಗೆ ಒಂದು ಪುಟ್ಟ ಊರು ಕಟ್ಟುತ್ತಿದ್ದ. ಹಲಗೆ ಬಂದಂದಿನಿಂದ ಸಂಗಕ್ಕ ಅಡುಗೆಮನೆಗೆ ಹಿತ್ತಲಿನಿಂದ ಸುತ್ತಿ ಬರುತ್ತಾಳೆ.

ನಾನು ಹುಲಿಗೆವ್ವ. ಹಳಿಯ ಈಚೆ, ಲೆವೆಲ್ ಕ್ರಾಸಿಂಗಿನ ಪಕ್ಕದ ಗೇಟ್ ಗಲ್ಲಿಯಲ್ಲಿ ನನ್ನದೊಂದು ಚಹಾದಂಗಡಿ ಇದೆ. ಸೋಸಿ ಉಳಿದ ಚಹಾಪುಡಿಯ ಚರಟವನ್ನು ದಿನಾ ಒಂದು ಡಬ್ಬಿಯಲ್ಲಿ ಕುಬೇರಣ್ಣನಿಗೆ ಕೊಡುತ್ತಿದ್ದೆ. ಅದನ್ನು ಒಣಗಿಸಿ ಉದುರಿಸಿದರೆ ಆಟಿಕೆ ಊರಿಗೆ ಅದಕ್ಕಿಂತ ಒಳ್ಳೆಯ ಮಣ್ಣು ಬೇರೆ ಇಲ್ಲವಂತೆ.

"ಎಲ್ಲಾರೂ ಗಿಡಾನ ಸ್ಪಂಜಿಗೆ ಹಸರ ಬಣ್ಣ ಬಳದು ಮಾಡ್ತಾರ," ಎಂದ ಕುಬೇರಣ್ಣ. "ನಾ ನೆನಪಿನಿಂದ ಮಾಡ್ತೀನಿ."

"ಯಾರ ನೆನಪಿನಿಂದ?"

"ಸಾಮಾನಿನ ನೆನಪಿನಿಂದ. ಜಗತ್ತಿನಾಗ ಎಲ್ಲಾದಕ್ಕೂ ತಾನು ಎಲ್ಲಿದ್ದೆ ಅನ್ನೂದು ನೆನಪಿರತೈತಿ, ಹುಲಿಗೆವ್ವ. ಬಾಯಿಲ್ಲ ಅಷ್ಟ. ಹದಾ ನೋಡಿ ಹಬೆ ಕೊಟ್ಟು, ಹದಾ ನೋಡಿ ಗುಂಯ್ ಅನಿಸಿದ್ರ, ನೆನಪಾಗಿ ಎದ್ದು ನಿಂದರತೈತಿ."

"ಆ ಇಡ್ಲಿ ಪಾತ್ರಿಗೆ ಯಾರ ಮನಿಯಾಗಿದ್ದೆ ಅನ್ನೂದು ನೆನಪೈತೇನು?"

"ವಿಜ್ಞಾನದಾಗ ಹೆಂಡ್ತೀನ ತರಬ್ಯಾಡ," ಎಂದು ಒಂದು ಚಿಟಿಕೆ ಮರದ ಹೊಟ್ಟನ್ನು ಹಲಗೆಯ ಮೇಲೆ ಉದುರಿಸಿ ಪಂಪು ಒತ್ತಿದ.

ಹಬೆ ಹಸಿರು ಗಾಜಿನೊಳಗಿಂದ ಹಾದು ನಿಧಾನಕ್ಕೆ ಹೊಟ್ಟಿನ ಮೇಲೆ ಇಳಿಯಿತು. ಮಧ್ಯಾಹ್ನದ ಪಡಸಾಲೆ ಕೆರೆಯ ತಳದಂತಾಯಿತು. ನಾನು ಕಣ್ಣು ಉಜ್ಜಿಕೊಂಡು ನೋಡುವಷ್ಟರಲ್ಲಿ ಹೊಟ್ಟಿನ ಕಣ ಕಣವೂ ಮೈಮುರಿದು ಎದ್ದು ನಿಂತಿತ್ತು. ಅದು ಬೆರಳುದ್ದದ ಸಾಗವಾನಿ ಕಾಡು. ಅದರೊಳಗೆ ನನಗೆ ಕೇಳಿಸಿಯೂ ಕೇಳಿಸದಂಥ ಗಾಳಿ. ಎಲೆಯೊಂದು ಉದುರಿತು. ಅದು ನೆಲ ಮುಟ್ಟುವವರೆಗೆ ನಾವಿಬ್ಬರೂ ಉಸಿರಾಡಲಿಲ್ಲ.

ಗರಗಸದ ಮಿಲ್ಲಿನಿಂದ ಬಂದ ಹೊಟ್ಟಿಗೆ ಗರಗಸ ನೆನಪಾಗಲಿಲ್ಲ, ಕಾಡೇ ನೆನಪಾಯಿತು. ಅದನ್ನೇ ಯೋಚಿಸುತ್ತ ನಿಂತೆ.

ಹಬೆ ಆರಿದಾಗ ಕಾಡು ಅಲುಗಾಡದೆ ಗಟ್ಟಿಯಾಗಿ ನಿಂತಿತು. ಅಷ್ಟು ಹೊತ್ತಿಗೆ ಸಂಗಕ್ಕ ಇಡ್ಲಿ ಪಾತ್ರೆ ಹುಡುಕುತ್ತ ಬಂದಳು. ಮುಂದಿನದನ್ನು ನಾನು ನಿಂತು ನೋಡಲಿಲ್ಲ.

*

ಸುದ್ದಿ ನಗರಸಭೆಗೆ ಮುಟ್ಟಿತು. ಇಂಜಿನಿಯರ್ ಬೆಳವಣಿಕಿ ಸಾಹೇಬರು ತಾವೇ ಬಂದರು. ಲೆವೆಲ್ ಕ್ರಾಸಿಂಗ್ ತೆಗೆದು ಮೇಲ್ಸೇತುವೆ, ಅದರ ಪಕ್ಕಕ್ಕೆ ಉದ್ಯಾನ, ಉದ್ಯಾನದ ನಡುವೆ ಕಾರಂಜಿ ಮಾಡುವ ಯೋಜನೆ ಅವರದು. ಆಟಿಕೆ ಊರನ್ನು ಹಾಗೇ ತಿದ್ದಿ ನಗರಸಭೆಯ ಸಭಾಂಗಣದಲ್ಲಿ ಇಟ್ಟರೆ, ಹಲಗೆಗೆ ಹಿತ್ತಾಳೆಯ ಪಟ್ಟಿಯಲ್ಲಿ ಕುಬೇರಪ್ಪನ ಹೆಸರು ಹಾಕಿಸುತ್ತೇವೆ ಎಂದರು.

"ಡಿಸಿ ಮೇಡಂ ನಕ್ಷೆ ನಂಬೂದಿಲ್ಲ. ಮಾಡೆಲ್ ನೋಡೇ ಸಹಿ ಮಾಡ್ತಾರ," ಎಂದರು ಸಾಹೇಬರು. "ಮಾಡೆಲ್‌ನಾಗ ಇದ್ದದ್ದು ಊರಾಗ ಇರತದ. ಮಾಡೆಲ್‌ನಾಗ ಇಲ್ಲದ್ದು ಇಲ್ಲ. ತಿಳೀತಲ್ಲ?"

ಕುಬೇರಣ್ಣನಿಗೆ ಹಿತ್ತಾಳೆಯ ಪಟ್ಟಿಯವರೆಗೆ ಮಾತ್ರ ತಿಳಿದಿತ್ತು. ಉಳಿದದ್ದು ನನಗೆ ತಿಳಿಯಿತು. ಕಾರಂಜಿ ಬರುವ ಜಾಗವೇ ಗೇಟ್ ಗಲ್ಲಿ. ಅಲ್ಲಿ ಇಪ್ಪತ್ತಾರು ಮನೆ, ಒಂದು ನಲ್ಲಿ ಇವೆ. ಹಳಿಗೆ ಜಲ್ಲಿ ಹೊತ್ತವರ ಮನೆ, ಸ್ಲೀಪರ್ ಹೊತ್ತವರ ಮನೆ, ಸ್ಟೇಷನ್ನಿನ ಗಟಾರ ತೊಳೆದವರ ಮನೆ. ರೈಲನ್ನು ಊರೊಳಗೆ ತಂದವರು ನಾವು. ಊರಿನ ನಕ್ಷೆಯೊಳಗೆ ನಮ್ಮನ್ನು ಮಾತ್ರ ಯಾರೂ ತಂದಿರಲಿಲ್ಲ.

"ಕುಬೇರಣ್ಣ, ನಮ್ಮ ಗಲ್ಲಿ ಎಲ್ಲಿ?" ಎಂದು ಕೇಳಿದೆ.

ಅವನು ರೈಲಿನ ಚಕ್ರಕ್ಕೆ ಎಣ್ಣೆ ಬಿಡುತ್ತ, "ಡ್ರಾಯಿಂಗ್‌ನಾಗ ಇಲ್ಲವಾ," ಎಂದ.

"ನೀ ದಿನಾ ಮುಂಜಾನೆ ಎಲ್ಲಿ ಕುಂತು ಚಾ ಕುಡೀತಿ? ಡ್ರಾಯಿಂಗ್‌ನಾಗೇನು?"

"ನಾ ಮಾಡೂದು ಆಟಿಗಿ ಊರು. ಆಟಿಗಿಗೆ ಯಾಕ ಸಿಟ್ಟಾಗ್ತಿ?"

"ಆಟಿಗಿ ನೋಡಿ ಬುಲ್ಡೋಜರ್ ಬರತೈತಿ ಅಂತ ಆ ಸಾಹೇಬನ ಹೇಳ್ಯಾನ. ಬುಲ್ಡೋಜರೂ ಆಟಿಗೀದ ಬರತೈತೇನು?"

ಅವನು ಮತ್ತೊಂದು ಚಕ್ರಕ್ಕೆ ಎಣ್ಣೆ ಬಿಟ್ಟ. ಅಡುಗೆಮನೆಯಿಂದ ಸಂಗಕ್ಕ, "ಕೇಳವಾ, ಇನ್ನೂ ಕೇಳು. ನನ್ನ ಪಾಲಿಂದೂ ಕೇಳು," ಎಂದಳು.

*

ಉದ್ಯಾನಕ್ಕೆ ಹಸಿರು ಹಾಸು ಬೇಕಿತ್ತು. ಕುಬೇರಣ್ಣ ಲೆಕ್ಕ ಹಾಕಿದ. ಚಹಾ ಬೆಳೆಯುವುದು ಎಲ್ಲಿ? ತಂಪು ಗುಡ್ಡದಲ್ಲಿ. ಚರಟಕ್ಕೆ ಏನು ನೆನಪಿರುತ್ತದೆ? ಮಂಜು, ಇಳಿಜಾರು, ಕತ್ತರಿಸಿಟ್ಟಂಥ ಹಸಿರು. ನಾನು ಕೊಟ್ಟ ಚರಟವನ್ನೇ ಕಾರಂಜಿ ಬರುವ ಜಾಗದ ಸುತ್ತ ದಪ್ಪಗೆ ಹರವಿ, ಹಬೆ ಕೊಟ್ಟು ಊಟಕ್ಕೆ ಹೋದ.

ತಿರುಗಿ ಬಂದವನು ನನ್ನನ್ನು ಕೂಗಿದ ಧ್ವನಿ ಹಳಿಯ ಈಚೆಗೂ ಕೇಳಿಸಿತು.

ಉದ್ಯಾನವಿರಲಿಲ್ಲ. ನಮ್ಮ ಗಲ್ಲಿ ಇತ್ತು.

ಹೆಬ್ಬೆರಳಿನಷ್ಟೆತ್ತರದ ತಗಡಿನ ಮನೆಗಳು, ತಗಡಿನ ಮೇಲಿಟ್ಟ ಕಲ್ಲುಗಳು, ಹಗ್ಗದ ಮೇಲೆ ಉಗುರಿನಷ್ಟಗಲದ ಲಂಗಗಳು. ನಲ್ಲಿಯ ಮುಂದೆ ಕೊಡಗಳ ಸಾಲು. ಪಕ್ಕದ ಮನೆಯ ತಾಯಮ್ಮನ ಕೊಡ ಎಂದಿನಂತೆ ಎಲ್ಲರಿಗಿಂತ ಮುಂದೆ. ಜನ ಕನಸಿನಲ್ಲಿ ನಡೆಯುವವರಂತೆ ನಿಧಾನಕ್ಕೆ ನಡೆಯುತ್ತಿದ್ದರು. ಗಟಾರದ ದಂಡೆಯ ಮೇಲೆ ಕೂತು ಬೆಳವಣಿಕಿ ಸಾಹೇಬರು ಹಿಡಿ ಹಿಡಿ ಜಲ್ಲಿ ತಿನ್ನುತ್ತಿದ್ದರು. ಯಾಕೆಂದರೆ ನನ್ನ ಅಂಗಡಿಯಲ್ಲಿ ಜನ ದಿನವೂ ಆಡಿಕೊಳ್ಳುವುದು ಅದನ್ನೇ, ರಸ್ತೆಗೆ ಬಂದ ಜಲ್ಲಿಯನ್ನೆಲ್ಲ ಸಾಹೇಬರೇ ತಿಂದುಹಾಕಿದರು ಎಂದು. ಮೂಲೆಯಲ್ಲಿ ನನ್ನ ಅಂಗಡಿ. ಒಳಗೆ ನಾನು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೌಟು ಎತ್ತಿ ಯಾರಿಗೋ ಬೈಯುತ್ತಿದ್ದೆ.

ಗೇಟಿನ ಹತ್ತಿರ ಹಸಿರು ಬಾವುಟ ಹಿಡಿದು ನಮ್ಮ ಮನೆಯವರು ನಿಂತಿದ್ದರು. ಇಪ್ಪತ್ತು ವರ್ಷ ಅದೇ ಗೇಟಿಗೆ ಗೇಟ್‌ಮನ್ ಆಗಿದ್ದವರು. ಅವರು ಹೋಗಿ ನಾಲ್ಕು ವರ್ಷ. ಅಂಗಡಿಯಲ್ಲಿ ಅವರ ಸುದ್ದಿ ತೆಗೆಯದೆ ಯಾರೂ ಎರಡನೇ ಕಪ್ಪು ಕುಡಿಯುವುದಿಲ್ಲ.

ನಾನು ಬಗ್ಗಿ ನೋಡಿದೆ. ಅವರ ಅಂಗಿಯ ಎರಡನೆಯ ಗುಂಡಿ ಇರಲಿಲ್ಲ. ಹಚ್ಚಿಕೊಡುತ್ತೇನೆ ಎಂದು ನಾನು ಹೇಳಿದ್ದು, ಹಚ್ಚದೆ ಉಳಿದದ್ದು.

"ಗುಡ್ಡ ಎಲ್ಲಿ ಹೋತು?" ಎಂದು ಕುಬೇರಣ್ಣ ತಲೆ ಹಿಡಿದುಕೊಂಡ. "ಚಾಪುಡಿಗೆ ಗುಡ್ಡ ನೆನಪಿರಬೇಕಿತ್ತಲ್ಲ. ಹುಲಿಗೆವ್ವ, ಇದನ್ನ ಎಷ್ಟು ಸಲ ಕುದಸ್ತಿ?"

"ಒಂದ ಸಲ," ಎಂದೆ. ಅಂಗಡಿ ನಡೆಸುವವಳು ಮತ್ತೇನು ಹೇಳಬೇಕು?

*

ಬೆಳವಣಿಕಿ ಸಾಹೇಬರು ಬಂದು ನೋಡಿದರು. ಜಲ್ಲಿ ತಿನ್ನುತ್ತಿದ್ದ ತಮ್ಮನ್ನು ಮೊದಲು ನೋಡಿದರು.

"ಕೆರದು ತಗೀರಿ," ಎಂದರು.

ಕುಬೇರಣ್ಣ ಕೆರೆದ. ಸಂಗಕ್ಕ ಅನ್ನ ಬಸಿದ ಹಬೆಗೆ ಸಂಜೆಗೆ ಆರು ಮನೆ ಮತ್ತೆ ಎದ್ದವು. ಮತ್ತೆ ಕೆರೆದ. ಮರುದಿನ ಅವನ ಸ್ನಾನದ ನೀರಿನ ಹಬೆಗೆ ನಲ್ಲಿ ಎದ್ದಿತು, ಅದರ ಹಿಂದೆಯೇ ತಾಯಮ್ಮನ ಕೊಡ. ಮೂರನೆಯ ಸಲ ಚೂರೂ ಬಿಡದೆ ಗುಡಿಸಿ, ಪ್ಲಾಸ್ಟಿಕ್ ಹುಲ್ಲು ಅಂಟಿಸಿ, ನಡುವೆ ಔಷಧಿ ಬಾಟಲಿಯ ಮುಚ್ಚಳದ ಕಾರಂಜಿ ಇಟ್ಟ.

ಅಂದಿನಿಂದ ನಾನು ಅವನಿಗೆ ಚರಟ ಕೊಡಲಿಲ್ಲ. ಚಹಾವನ್ನೂ ಕೊಡಲಿಲ್ಲ. ಅವನು ಅಂಗಡಿಯ ಮುಂದೆ ಬಂದು ನಿಲ್ಲುವನು, ನಾನು ಹಾಲು ನೋಡುತ್ತಿರುವೆನು.

"ತಂಗಿ, ಮೂವತ್ತಾರು ವರ್ಷ ಸಿಗ್ನಲ್ ತಿದ್ದೀನಿ. ಒಂದು ಕಂಬದ ಮ್ಯಾಲೂ ನನ್ನ ಹೆಸರಿಲ್ಲ," ಎಂದ ಒಂದು ದಿನ.

"ನಮ್ಮವರು ಇಪ್ಪತ್ತು ವರ್ಷ ಗೇಟ್ ಹಾಕಿ ತಗದರು. ಅವರ ಹೆಸರೂ ಎಲ್ಲೂ ಇಲ್ಲ. ನೀ ಅವರನ್ನೂ ಕೆರದಿ," ಎಂದೆ.

ಅವನು ಅಂಗಿಯ ಜೇಬನ್ನು ಮುಟ್ಟಿಕೊಂಡು ಹೋದ. ಯಾಕೆ ಮುಟ್ಟಿಕೊಂಡ ಎಂದು ನನಗೆ ಆಗ ಗೊತ್ತಾಗಲಿಲ್ಲ.

*

ಡಿಸಿ ಮೇಡಂ ಬರುವ ದಿನ ಬೆಳವಣಿಕಿ ಸಾಹೇಬರು ಸಭಾಂಗಣಕ್ಕೆ ಎಪ್ಪತ್ತು ಚಹಾ ಹೇಳಿ ಕಳಿಸಿದರು. ಯಾರ ಮನೆ ಕೆಡವುತ್ತಾರೋ ಅವರ ಚಹಾ ಕುಡಿಯಲು ಅವರಿಗೆ ನಾಚಿಕೆ ಇರಲಿಲ್ಲ. ನಾನೂ ಒಲ್ಲೆ ಎನ್ನಲಿಲ್ಲ. ಕೆಟಲಿನ ಜೊತೆ ಸೋಸುವ ಬಟ್ಟೆಯನ್ನೂ ತೆಗೆದುಕೊಂಡೆ, ಅದರೊಳಗೆ ಇಡೀ ವಾರದ ಚರಟ ಇತ್ತು.

ಮೇಜಿನ ಮೇಲೆ ಆಟಿಕೆ ಊರು ಮಿಂಚುತ್ತಿತ್ತು. ಪುಟ್ಟ ಮೇಲ್ಸೇತುವೆ, ಪ್ಲಾಸ್ಟಿಕ್ ಹುಲ್ಲು, ಮುಚ್ಚಳದ ಕಾರಂಜಿ. ಡಿಸಿ ಮೇಡಂ ಕನ್ನಡಕ ಹಾಕಿಕೊಂಡು ಬಗ್ಗಿದರು. ಪಕ್ಕದಲ್ಲಿ ಸಹಿಯ ಕಾಗದ, ಅದರ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು.

"ಈಗ ಉದ್ಯಾನದ ಮೇಲೆ ಮುಂಜಾನೆಯ ಮಂಜು ನೋಡ್ತೀರಿ ಮೇಡಂ," ಎಂದರು ಸಾಹೇಬರು.

ಕುಬೇರಣ್ಣ ಪಂಪಿನ ಮೇಲೆ ಕೈಯಿಟ್ಟ. ಹಸಿರು ಹಬೆ ಮೇಲೆದ್ದಿತು.

ಆಗ ನಾನು ಚಹಾ ಕೊಡುವ ನೆಪದಲ್ಲಿ ಮೇಜಿನ ಹತ್ತಿರ ಹೋಗಿ, ಬಟ್ಟೆ ಬಿಚ್ಚಿ, ವಾರದ ಚರಟವನ್ನೆಲ್ಲ ಕಾರಂಜಿಯ ಮೇಲೆ ಸುರಿದೆ.

"ಏ, ಏನಿದು? ಕುಬೇರಪ್ಪ, ಬಂದ್ ಮಾಡ್ರಿ," ಎಂದರು ಸಾಹೇಬರು.

ಕುಬೇರಣ್ಣ ನನ್ನನ್ನು ನೋಡಿದ. ಗೋಡೆಗೆ ಒರಗಿಸಿಟ್ಟಿದ್ದ ಹಿತ್ತಾಳೆಯ ಪಟ್ಟಿಯನ್ನು ನೋಡಿದ. ಆಮೇಲೆ ಅಂಗಿಯ ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಏನನ್ನೋ ತೆಗೆದು ಪುಟ್ಟ ಹಳಿಯ ಪಕ್ಕಕ್ಕೆ ನಿಲ್ಲಿಸಿದ. ಹಸಿರು ಬಾವುಟ. ಎರಡನೆಯ ಗುಂಡಿ ಇಲ್ಲದ ಅಂಗಿ. ಅವನಿಗೆ ಕೆರೆಯಲು ಆಗದೆ ಉಳಿದದ್ದು ಅದೊಂದೇ.

ಮತ್ತೆ ಎರಡೂ ಕೈಯಿಂದ ಪಂಪು ಒತ್ತತೊಡಗಿದ. ಹದ ನೋಡಲೇ ಇಲ್ಲ.

ಸಭಾಂಗಣ ತಿಳಿಹಸಿರಿನಲ್ಲಿ ಮುಳುಗಿತು. ಕಾರಂಜಿ ತಾಯಮ್ಮನ ಕೊಡದೊಳಗೆ ಇಳಿದು ಕಾಣೆಯಾಯಿತು. ಗಲ್ಲಿ ಮೇಜಿನ ಮೇಲೆ ಹಿಡಿಸದೆ ಅಂಚು ದಾಟಿ, ಮೇಜಿನ ಕಾಲಿನಿಂದ ಇಳಿದು, ನೆಲದ ಮೇಲೆ ಹರಡಿತು. ಮನೆ ಮನೆಯೂ ಉಸಿರೆಳೆದುಕೊಂಡು ಏಳುತ್ತಿತ್ತು. ಸಹಿಯ ಕಾಗದದ ಮೇಲೆ ಮೂರು ಮನೆ ಎದ್ದು ಒಂದರ ಒಲೆಯಿಂದ ಹೊಗೆ ಬಂತು. ಪೆನ್ನಿಗೆ ಯಾರೋ ಲಂಗ ಒಣಹಾಕಿದರು. ಕುರ್ಚಿಗಳ ಕೆಳಗೆ ಮೇಕೆಗಳು ಹಾದುಹೋದವು. ಹಾಜರಿದ್ದವರು ಯಾರೂ ಕೂಗಲಿಲ್ಲ. ಮಲಗಿದ ಮಗುವಿನ ಕೋಣೆಯಲ್ಲಿ ಇರುವವರಂತೆ ಕಾಲು ಮೇಲೆ ಮಾಡಿಕೊಂಡು ಕೂತರು.

ಗೇಣುದ್ದದ ರೈಲು ಎಲ್ಲಿಂದಲೋ ಶಿಳ್ಳೆ ಹಾಕಿತು. ನಮ್ಮ ಮನೆಯವರು ನಿಧಾನಕ್ಕೆ ತಿರುಗಿ, ಗೇಟು ಇಳಿಸಿದರು. ಗೇಟು ಇಳಿದದ್ದು ಡಿಸಿ ಮೇಡಂ ಮತ್ತು ಸಹಿಯ ಕಾಗದದ ನಡುವೆ.

ಬೆಳವಣಿಕಿ ಸಾಹೇಬರು ಪಂಪು ಕಿತ್ತುಕೊಳ್ಳಲು ಒಂದು ಕಾಲು ಎತ್ತಿದ್ದರು. ಇಳಿಸಲು ಜಾಗ ಹುಡುಕಿದರು. ಎಡಕ್ಕೆ ತಾಯಮ್ಮನ ಮನೆ, ಬಲಕ್ಕೆ ನಲ್ಲಿ, ಮುಂದೆ ಅಂಗಳದಲ್ಲಿ ಕೂತು ಶೇಂಗಾ ಸುಲಿಯುವ ಮುದುಕಿಯರು. ಬೂಟು ಹಾಗೇ ಗಾಳಿಯಲ್ಲಿ ನಿಂತಿತು. ಅದರ ನೆರಳು ಮೂರು ಮನೆಗಳ ಮೇಲೆ ಬಿತ್ತು. ಮುದುಕಿಯರು ತಲೆಯೆತ್ತಿ ನೋಡಿದರು.

"ತುಳೀರಿ ಸಾಹೇಬ್ರ," ಎಂದೆ. "ದೊಡ್ಡವನ್ನ ತುಳಿಯಾಕ ಅಂಜಲಿಲ್ಲ, ಇವು ಹೆಬ್ಬಟ್ಟಿನಷ್ಟು ಅದಾವ. ತುಳೀರಿ."

ಅವರ ಹಣೆಯಲ್ಲಿ ಬೆವರು ಬಂತು. ಕಾಲು ಇಳಿಯಲಿಲ್ಲ.

"ಇದು ಯಾವ ಗಲ್ಲಿ?" ಎಂದು ಕೇಳಿದರು ಡಿಸಿ ಮೇಡಂ.

"ಅದು ಇಲ್ಲ ಮೇಡಂ," ಎಂದರು ಸಾಹೇಬರು ಓಲಾಡುತ್ತ. "ಅಂದರೆ, ಇದೆ ಮೇಡಂ. ಪ್ಲ್ಯಾನ್‌ನಲ್ಲಿ ಇಲ್ಲ."

"ಮಾಡೆಲ್‌ನಲ್ಲಿ ಇದೆಯಲ್ಲ."

"ಮಾಡೆಲ್‌ನಾಗ ಇದ್ದದ್ದು ಊರಾಗ ಇರತದ ಅಂತ ಸಾಹೇಬ್ರ ಹೇಳ್ಯಾರ್ರಿ," ಎಂದ ಕುಬೇರಣ್ಣ. "ನಾ ಚಾಪುಡಿಗೆ ಗುಡ್ಡ ನೆನಪಿರತೈತಿ ಅಂತ ತಿಳಿದಿದ್ದೆ. ನಂದ ತಪ್ಪು."

ಮೇಡಂ ನನ್ನ ಕಡೆ ತಿರುಗಿದರು. "ಗುಡ್ಡ ಮರೆತು ಗಲ್ಲಿ ಮಾತ್ರ ನೆನಪಿಟ್ಟುಕೊಂಡಿದೆ. ಅಂಥದ್ದೇನು ಮಾಡಿದ್ದೀರಿ ಅದಕ್ಕೆ?"

ಸಭಾಂಗಣದಲ್ಲಿ ಎಪ್ಪತ್ತು ಜನ. ಎಲ್ಲರ ಕೈಯಲ್ಲೂ ನನ್ನ ಚಹಾ. ಗಲ್ಲಿಯನ್ನು ಉಳಿಸಬೇಕು, ಅಂಗಡಿಯ ಮರ್ಯಾದೆಯನ್ನೂ ಉಳಿಸಬೇಕು ಎಂದರೆ ಅಂದು ಎರಡಕ್ಕೂ ದಾರಿ ಇರಲಿಲ್ಲ.

"ಮೂರು ಸಲ ಕುದಸ್ತೀನ್ರಿ," ಎಂದೆ. "ಮೊದಲ ಸಲಕ್ಕ ಗುಡ್ಡ ಬಿಟ್ಟು ಹೋಗತೈತಿ. ಆಮ್ಯಾಲ ಕುದಿಯೂದೆಲ್ಲಾ ನಮ್ಮ ಮಂದಿ ಮಾತಿನಾಗ."

"ಅದಕ್ಕ!" ಎಂದಿತು ಇಡೀ ಸಭಾಂಗಣ, ಕಪ್ಪು ನೋಡಿಕೊಂಡು.

ಮೇಡಂ ನಗಲಿಲ್ಲ. ಗೇಟಿನ ಆಚೆಗಿದ್ದ ಪೆನ್ನಿಗೆ ಕೈ ಚಾಚಲಿಲ್ಲ. "ಬೆಳವಣಿಕಿ ಅವರೇ, ಮನೆ ಎಣಿಸಿ ಹೇಳಿ. ಎಷ್ಟಿವೆಯೋ ಅಷ್ಟನ್ನೂ ನಕ್ಷೆಯಲ್ಲಿ ಹಾಕಿ ತನ್ನಿ. ಸೇತುವೆ ಬೇಕಾದರೆ ಬಾಗಲಿ," ಎಂದರು.

ಸಾಹೇಬರು ನಿಂತಲ್ಲೇ, ಒಂಟಿಕಾಲಿನಲ್ಲಿ, ಇಪ್ಪತ್ತಾರರವರೆಗೆ ಎಣಿಸಿದರು. ಹದಿನೇಳರ ಹತ್ತಿರ ಒಮ್ಮೆ ತಪ್ಪಿದರು. ಮೇಡಂ ಮೊದಲಿನಿಂದ ಎಣಿಸಲು ಹೇಳಿದರು.

*

ಹಬೆ ಆರಿದ ಮೇಲೆ ಗಲ್ಲಿ ಅಲ್ಲೇ ಗಟ್ಟಿಯಾಗಿ ಉಳಿದಿದೆ. ನಗರಸಭೆಯ ಸಭೆಗಳು ಈಗ ಹೊರಗಿನ ಕಟ್ಟೆಯ ಮೇಲೆ ನಡೆಯುತ್ತವೆ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು, ತುದಿಬೆರಳ ಮೇಲೆ, ಗಲ್ಲಿಯ ದಾರಿ ಹಿಡಿದೇ ಹೋಗಬೇಕು. ಸಂಗಕ್ಕನಿಗೆ ಇಡ್ಲಿ ಪಾತ್ರೆ ತಿರುಗಿ ಸಿಕ್ಕಿದೆ. ಮೊದಲ ದಿನ ಅದರಲ್ಲಿ ಬೆಂದ ಇಡ್ಲಿಗಳ ಮೇಲೆ ಉದ್ದಿನ ಹೊಲವೊಂದು ಎದ್ದಿತ್ತಂತೆ. ಚಟ್ನಿ ಹಚ್ಚಿ ತಿಂದರಂತೆ.

ಹಿತ್ತಾಳೆಯ ಪಟ್ಟಿಯನ್ನು ಕುಬೇರಣ್ಣ ತಾನೇ ಉಜ್ಜಿ ತನ್ನ ಹೆಸರು ಅಳಿಸಿ, ಅದರ ಮೇಲೆ ಗೇಟ್ ಗಲ್ಲಿ ಎಂದು ಕೆತ್ತಿ ಸಭಾಂಗಣದ ಬಾಗಿಲಿಗೆ ಹೊಡೆದ. ಆಮೇಲೆ ನನ್ನ ಅಂಗಡಿಗೆ ಬಂದು ತನ್ನ ಜಾಗದಲ್ಲಿ ಕೂತ. ನಾನು ಚಹಾ ಕೊಟ್ಟೆ. ಒಂದು ಗುಟುಕು ಕುಡಿದು, ಸಭಾಂಗಣದ ಆ ಸಣ್ಣ ಹುಲಿಗೆವ್ವ ಒಂದೇ ಸಲ ಕುದಿಸುತ್ತಾಳೆ, ಭೂತಗನ್ನಡಿ ಹಿಡಿದು ನೋಡಿ ಬಂದಿದ್ದೇನೆ ಎಂದ.

ಹಾಗಾದರೆ ಅಲ್ಲೇ ಹೋಗಿ ಕುಡಿ ಎಂದಿದ್ದೇನೆ.