ಕನ್ಯಾಕುಮಾರಿಗೆ ಸೈಕಲ್, ಚಂದಾಪುರಕ್ಕೆ ವ್ಯಾನು

ಸೈಕಲ್ ಹತ್ತಿದವರಿಗೆ ಬೀದಿನಾಯಿಗಳ ಕಾಟ ಜಾಸ್ತಿ ಅನ್ನುತ್ತಾರೆ. ನನಗೆ ನಾಯಿಗಳು ಏನೂ ಮಾಡಲಿಲ್ಲ. ಮನುಷ್ಯರೇ ಹೆಜ್ಜೆಗೊಂದು ಪ್ರಸಂಗ ತಂದಿಟ್ಟರು, ಈಗಲೂ ಇಡುತ್ತಿದ್ದಾರೆ.

ನಾನು ಪೀಣ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳತೆ ಕೂದಲೆಳೆಯಷ್ಟು ಆಚೀಚೆ ಆದರೂ ಮಾಲು ವಾಪಸ್ ಕಳಿಸುವವಳು. ಹಾಗಾಗಿ ಅಲ್ಲಿ ನನ್ನ ಮೇಲೆ ಪ್ರೀತಿ ಅಷ್ಟಕ್ಕಷ್ಟೇ. ಅಂಥವಳು ಎಲ್ಲರ ಮುಂದೆ ಕೈಚಾಚುವ ಹೊತ್ತು ಬಂತು. ತಂಗಿಯ ಮಗಳು ಚಂದಾಪುರದ ಹತ್ತಿರ, ನಡೆಯಲಾಗದ ಮಕ್ಕಳ ಸಣ್ಣ ಶಾಲೆಯೊಂದಕ್ಕೆ ಹೋಗುತ್ತಾಳೆ. ಶಾಲೆಯ ಹಳೇ ವ್ಯಾನು ಕೆಟ್ಟು ಮೂಲೆ ಸೇರಿತ್ತು. ಅಷ್ಟು ದೊಡ್ಡ ಹುಡುಗಿಯನ್ನು ಸೊಂಟದ ಮೇಲೆ ಹೊತ್ತು ತಂಗಿ ಬಸ್ ಹತ್ತುವುದನ್ನು ಕಂಡ ದಿನ ನನಗೆ ಅಳು ತಡೆಯಲಾಗಲಿಲ್ಲ. ಶಾಲೆ ಮತ್ತೆ ಶುರುವಾಗುವುದರೊಳಗೆ ಹೊಸ ವ್ಯಾನು ಬರದಿದ್ದರೆ ಅರ್ಧ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ ಅಂದರು ಅಲ್ಲಿನ ಟೀಚರ್. ಭಾನುವಾರ ಸೈಕಲ್ ತುಳಿಯುವ ಹುಚ್ಚು ನನಗೆ ಮೊದಲಿಂದ ಇತ್ತು. "ಕನ್ಯಾಕುಮಾರಿ ತನಕ ತುಳೀತೀನಿ, ನೀವು ವ್ಯಾನಿಗೆ ಕೊಡಿ" ಅಂತ ಕಂಡಕಂಡವರಿಗೆಲ್ಲ ಹೇಳಿಬಿಟ್ಟೆ.

ಯಾವ ದೇವರ ಹರಕೆ?

ಮೊದಲು ಕೇಳಿದ್ದು ನಮ್ಮ ಲೇತ್ ಆಪರೇಟರನ್ನು. ಆತ ಎಲ್ಲ ಕೇಳಿಸಿಕೊಂಡು, ಎಣ್ಣೆ ಕೈಯನ್ನು ಒರೆಸಿಕೊಂಡು, ಭಕ್ತಿಯಿಂದ ನೋಟು ಕೊಟ್ಟ.

"ಮೇಡಂ, ಯಾವ ದೇವ್ರಿಗೆ ಹರಕೆ?"

"ಹರಕೆ ಅಲ್ಲಪ್ಪ, ಮಕ್ಕಳ ವ್ಯಾನಿಗೆ."

"ಅದು ಸರಿ ಮೇಡಂ. ನಮ್ಮತ್ತೆ ತಿರುಪ್ತಿಗೆ ನಡ್ಕೊಂಡು ಹೋಗಿದ್ರು, ಮಂಡಿನೋವಿಗೆ. ನಿಮ್ಗೇನು ತೊಂದ್ರೆ?"

ಮಧ್ಯಾಹ್ನದೊಳಗೆ ನನಗೇನೋ ದೊಡ್ಡ ಕಾಯಿಲೆ ಅಂತ ಇಡೀ ಶಾಪ್ ಫ್ಲೋರಿಗೆ ಸುದ್ದಿಯಾಯಿತು. ಯಾವತ್ತೂ ಮಾತಾಡಿಸದವರೂ ಬಂದು ಕೊಟ್ಟು ಹೋದರು. ಕಾಯಿಲೆ ಇಲ್ಲ ಅಂತ ಹೇಳಲು ಎರಡು ಸಲ ಬಾಯಿ ತೆರೆದೆ, ವ್ಯಾನು ನೆನಪಾಗಿ ಮುಚ್ಚಿಕೊಂಡೆ. ನಾನು ವಾಪಸ್ ಕಳಿಸಿದ ಮಾಲಿನ ಮೇಲೆ ಆ ವಾರ ಒಬ್ಬರೂ ಜಗಳ ಆಡಲಿಲ್ಲ.

ಎಸಿಯೊಳಗಿನ ಕನ್ಯಾಕುಮಾರಿ

ಬ್ರೂಕ್‌ಫೀಲ್ಡಿನಲ್ಲಿರುವ ನನ್ನ ಗೆಳತಿ ತನ್ನ ಸಾಫ್ಟ್‌ವೇರ್ ಆಫೀಸಿನಲ್ಲಿ ನನಗೊಂದು ಮೀಟಿಂಗ್ ಹಾಕಿಸಿದಳು. ಸ್ಕ್ರೀನ್ ಮೇಲೆ ಮಕ್ಕಳ ಫೋಟೋ ತೋರಿಸಿದೆ. ಎಲ್ಲರ ಕಣ್ಣೂ ಒದ್ದೆಯಾಯಿತು. ಆಮೇಲೆ ನನ್ನ ಟೀಶರ್ಟಿನ ಬೆನ್ನಿಗೆ ಅವರ ಲೋಗೋ ಎಷ್ಟಗಲ ಇರಬೇಕು ಅನ್ನುವ ಚರ್ಚೆ ಶುರುವಾಗಿ, ಒದ್ದೆಯಾದ ಕಣ್ಣುಗಳೆಲ್ಲ ಒಣಗಿದವು.

ಕೊನೆಗೆ ಅವರ ಮ್ಯಾನೇಜರ್ ಎದ್ದು ನಿಂತು, "ಬರೀ ಡೊನೇಶನ್ ಯಾಕೆ? ನಾವೂ ನಿಮ್ಮ ಜೊತೆ ತುಳೀತೀವಿ" ಅಂದರು. ನನಗೆ ಖುಷಿಯಾಯಿತು. ತುಳಿದದ್ದು ಆಫೀಸಿನ ಜಿಮ್ಮಿನಲ್ಲಿ, ನಿಂತಲ್ಲೇ ನಿಲ್ಲುವ ಸೈಕಲ್ ಮೇಲೆ. ಇಡೀ ಟೀಮು ಸರದಿಯಲ್ಲಿ ಕೂತು ದೂರವನ್ನೆಲ್ಲ ಒಟ್ಟು ಸೇರಿಸಿತು. ನಾನಿನ್ನೂ ಟಯರಿಗೆ ಗಾಳಿ ಹೊಡೆಸುತ್ತಿದ್ದೆ, ಫೋಟೋ ಬಂತು: ಸಮುದ್ರ, ಸೂರ್ಯೋದಯದ ಚಿತ್ರವಿದ್ದ ಕೇಕು, ಸುತ್ತ ಇಡೀ ಟೀಮು. ಕೆಳಗೆ, "ನಾವು ಕನ್ಯಾಕುಮಾರಿ ತಲುಪಿದ್ವಿ! ನೀವೆಲ್ಲಿದೀರಿ?"

ಒಪ್ಪಿಕೊಂಡಷ್ಟು ಕೊಟ್ಟರು, ಸುಳ್ಳು ಹೇಳಬಾರದು. ಕೇಕಿನ ಖರ್ಚು ಹಿಡಿದುಕೊಂಡು ಕೊಟ್ಟರು.

ಸೈಕಲ್ಲಿಗೆ ಆಯುಧಪೂಜೆ

ಹೊರಡುವ ದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲೇ ಬೀಳ್ಕೊಡುಗೆ. ನವರಾತ್ರಿಗೆ ಮೆಷಿನ್ನುಗಳಿಗೆ ಪೂಜೆ ಮಾಡುವ ಗುಂಪು ಸೈಕಲ್ಲನ್ನು ವಶಕ್ಕೆ ತೆಗೆದುಕೊಂಡಿತು. ಹ್ಯಾಂಡಲ್ಲಿಗೆ ಎರಡು ಬಾಳೆಕಂದು, ಬ್ರೇಕಿಗೆ ಕುಂಕುಮ, ಸೀಟಿಗೆ ವಿಭೂತಿ, ಇಷ್ಟುದ್ದದ ಚೆಂಡುಹೂವಿನ ಹಾರ. ನನಗೆ ಕೂರಲು ಎಲ್ಲಿ ಜಾಗವಿದೆ ಅಂತ ಹುಡುಕಬೇಕಾಯಿತು. ಚಕ್ರದಡಿ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಚಪ್ಪಾಳೆ ಹೊಡೆದರು.

ನಿಂಬೆಹಣ್ಣಿನ ಮೇಲೆ ಹತ್ತಿಸಿದೆ, ಕುಂಬಳಕಾಯಿ ಮೇಲೆ ಜಾರಿತು, ಹಾರ ಚೈನಿಗೆ ಸಿಕ್ಕಿಕೊಂಡಿತು. ಗೇಟು ದಾಟುವ ಮೊದಲೇ ಬಾಳೆಕಂದಿನ ಸಮೇತ ಮಲಗಿದೆ.

ಯಾರೂ ಗಾಬರಿಯಾಗಲಿಲ್ಲ. ಪೂಜೆ ಮಾಡಿದ ಫಿಟ್ಟರು ಕೈಮುಗಿದು, "ಬಿದ್ದಿದ್ದು ಒಳ್ಳೇದಾಯ್ತು ಮೇಡಂ. ದೃಷ್ಟಿಯೆಲ್ಲ ಇಲ್ಲೇ ಹೋಯ್ತು" ಅಂದ. ಪೂಜೆ ಫಲಿಸಿದ ಸಂತೋಷ ಅವನ ಮುಖದಲ್ಲಿತ್ತು.

ಒಂದು ಗೇಣೂ ಬಿಡಂಗಿಲ್ಲ

ಇಷ್ಟೆಲ್ಲ ಆದರೂ ಕೂಡಿದ್ದು ವ್ಯಾನಿನ ಅರ್ಧಕ್ಕೆ ಮಾತ್ರ. ಮಿಕ್ಕ ಅರ್ಧ ಒಬ್ಬರ ಕೈಯಲ್ಲಿತ್ತು. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹಳ್ಳಿಯ ಯಜಮಾನರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಪೀಜಿ ಹಾಸ್ಟೆಲ್ ಕಟ್ಟಿಸಿದ್ದಾರೆ.

"ನೋಡವ್ವ, ಮಿಕ್ಕಿದ್ದೆಲ್ಲ ನಾನೇ ಆಕ್ತೀನಿ. ಆದ್ರೆ ಪೂರ್ತಿ ನೀನೇ ತುಳೀಬೇಕು. ಒಂದು ಗೇಣೂ ಬಿಡಂಗಿಲ್ಲ. ಗಾಡಿ ಅತ್ತಿದ್ರೆ ಒಂದು ಕಾಸೂ ಇಲ್ಲ" ಅಂದಿದ್ದರು. ಅಷ್ಟೇ ಅಲ್ಲ, ಮೊದಲ ದಿನ ಪರೀಕ್ಷೆ ಮಾಡಲು ಹೆಂಡತಿಯನ್ನು ಕೂರಿಸಿಕೊಂಡು ತಮ್ಮ ದೊಡ್ಡ ಕಾರಿನಲ್ಲಿ ನನ್ನ ಹಿಂದೆಯೇ ಬಂದರು. ದಿನವಿಡೀ ಮಾಲು ಪರೀಕ್ಷೆ ಮಾಡುವ ನನಗೆ ಪರೀಕ್ಷೆಗೆ ಒಳಗಾಗುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಕೃಷ್ಣಗಿರಿಗೆ ಇನ್ನೂ ಸ್ವಲ್ಪ ದೂರ ಇರುವಾಗ, ಬಿಸಿಲು ನೆತ್ತಿಗೇರಿತ್ತು. ಒಂದು ಏರು ಹತ್ತಿ ಮೇಲೆ ಬಂದು, ಹುಣಸೆಮರದಡಿ ಸೈಕಲ್ ನಿಲ್ಲಿಸಿ ಏದುಸಿರು ಬಿಡುತ್ತಿದ್ದೆ. ಕಾರು ನಿಂತಿತು. ಯಜಮಾನರ ಹೆಂಡತಿ ಇಳಿದು ಬಂದು ನನ್ನ ಮುಖ ನೋಡಿದರು.

"ಅಯ್ಯೋ, ಇಂಗೆ ಬೆಂದೋಗವ್ಳಲ್ಲ! ಬಾವ್ವ, ಕಾರ್ ಅತ್ತು."

"ಅತ್ತಿದ್ರೆ ದುಡ್ಡಿಲ್ಲ" ಅಂದರು ಯಜಮಾನರು, ಸೀಟಿನಿಂದಲೇ.

"ಹತ್ತಲ್ಲಮ್ಮ, ವ್ಯಾನು ಕೈತಪ್ಪಿ ಹೋಗುತ್ತೆ" ಅಂದೆ.

ಆಕೆ ಗಂಡನತ್ತ ತಿರುಗಿದರು. "ಏಸಿಲಿ ಕೂತ್ಕಂಡು ರೂಲ್ಸ್ ಏಳ್ತೀಯ? ಇಳಿ. ನೀನೊಂದ್ಸಲ ತುಳಿ, ನೋಡನ."

ಕಾರಿನ ಕೀ ಕಿತ್ತು ಸೆರಗಿಗೆ ಕಟ್ಟಿಕೊಂಡರು. ಯಜಮಾನರು ಪಂಚೆ ಎತ್ತಿಕಟ್ಟಿ, ನನ್ನ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹತ್ತಿದರು. ಮುಂದೆ ಇದ್ದದ್ದು ಇಳಿಜಾರು. ಸುಯ್ಯನೆ ಇಳಿದರು. ಗಾಳಿಗೆ ಪಂಚೆ ಹಾರುತ್ತಿತ್ತು. ಕೆಳಗೆ ಸೇತುವೆ ಹತ್ತಿರ ನಿಂತು ಫೋನ್ ಮಾಡಿದರು. ಹೆಂಡತಿ ಸ್ಪೀಕರ್ ಹಾಕಿದರು.

"ಇಷ್ಟೇನಾ? ಕಾಲೇ ಆಡಿಸ್ಲಿಲ್ಲ ಕಣೇ! ಇದ್ಕೆಲ್ಲ ಯಾಕ್ ದುಡ್ ಕೊಡ್ಬೇಕು?"

ಮಕ್ಕಳ ವ್ಯಾನು ಕಣ್ಣೆದುರೇ ಇಳಿಜಾರಿನಲ್ಲಿ ಹೊರಟುಹೋಯಿತು ಅನ್ನಿಸಿತು.

ಆಕೆ ಸಮಾಧಾನವಾಗಿ ಕೇಳಿದರು. "ಅಂಗಾ? ಸರಿ, ಸೈಕಲ್ ಮ್ಯಾಕೆ ತಗಂಬಾ."

"ನೀವೇ ಕಾರಲ್ಲಿ ಬನ್ನಿ, ಇಲ್ಲೇ ಕೊಡ್ತೀನಿ."

"ಒಂದು ಗೇಣೂ ಬಿಡಂಗಿಲ್ಲ ಅಂದೋನು ನೀನೇ ತಾನೇ? ಅಲ್ಲೀಗಂಟ ತುಳ್ದಿದ್ದು ನೀನು. ಅವ್ಳು ನಿಂತಿರೋದು ಇಲ್ಲಿ. ಇಲ್ಲಿಗೇ ತಂದ್ಕೊಡು. ತುಳ್ಕಂಡೇ ಬಾ, ತಳ್ಳಿದ್ರೆ ನಂಗೆ ಕಾಣ್ತದೆ."

ನಾವಿಬ್ಬರೂ ಮರದಡಿ ಕೂತು ಆಕೆ ತಂದಿದ್ದ ಚಿತ್ರಾನ್ನ ಪೂರ್ತಿ ತಿಂದೆವು. ಕೈ ತೊಳೆದು ಎಷ್ಟೋ ಹೊತ್ತಾದ ಮೇಲೆ ನನ್ನ ಹೆಲ್ಮೆಟ್ ಏರಿನ ತುದಿಯಲ್ಲಿ ಕಾಣಿಸಿತು. ಆಮೇಲೆ ಯಜಮಾನರು. ಪಂಚೆಗೆ ಚೈನಿನ ಗ್ರೀಸು, ಮುಖ ಮೆಣಸಿನಕಾಯಿ ಕೆಂಪು. ಸೈಕಲ್ ನನ್ನ ಕೈಗೆ ಕೊಟ್ಟು, ಹುಣಸೆಮರಕ್ಕೆ ಒರಗಿ ಕಾಲು ಚಾಚಿ ಕೂತರು. ಒಂದು ಬಾಟಲಿ ನೀರು ಗಟಗಟ ಕುಡಿದರು, ಇನ್ನೊಂದನ್ನು ತಲೆಗೆ ಸುರಿದುಕೊಂಡರು.

ಕೊನೆಗೆ ಯಜಮಾನರು ಕಣ್ಣು ಮುಚ್ಚಿಕೊಂಡೇ ಕೇಳಿದರು:

"ಮೇಡಂ, ವ್ಯಾನು ಯಾವ ಕಲರ್ ತಗಳಾನ?"